ಚೀನೀ ಕಲಿಯೋರು ಪ್ರಪಂಚದಲ್ಲಿ ಎಷ್ಟು ಮಂದಿ ಅಂತ ಕೇಳಿದರೆ

ನಾನು ಚೀನೀ ಭಾಷೆಯ ದುಭಾಷಿ. ಬೆಂಗಳೂರಿನ ಸುತ್ತಮುತ್ತಲ ಕಾರ್ಖಾನೆಗಳಿಗೆ ಯಂತ್ರ ಜೋಡಿಸಲು ಬರುವ ಚೀನೀ ಎಂಜಿನಿಯರುಗಳ ಮಾತನ್ನು ನಮ್ಮ ಹುಡುಗರಿಗೆ ದಾಟಿಸುವುದು, ನಮ್ಮವರ ಮಾತನ್ನು ಅವರಿಗೆ ಮುಟ್ಟಿಸುವುದು ಕೆಲಸ. ಮದುವೆಮನೆಯ ಪಂಕ್ತಿಯಲ್ಲಿ ಇದು ಗೊತ್ತಾದರೆ ಸಾಕು, ಅಕ್ಕಪಕ್ಕದವರು ಪಾಯಸ ಬಿಟ್ಟು ನನ್ನ ಕಡೆ ತಿರುಗುತ್ತಾರೆ. ಮೊದಲು, ‘ಎಲ್ಲಿ, ಏನಾದ್ರೂ ಒಂದು ಹೇಳು ನೋಡೋಣ.’ ಹೇಳಿ ಮುಗಿಸಿದ ಮೇಲೆ, ‘ಅಲ್ಲಯ್ಯಾ, ಪ್ರಪಂಚದಲ್ಲಿ ಎಷ್ಟು ಜನ ಇದನ್ನ ಕಲೀತಾ ಇದಾರೆ? ಎಲ್ಲಾ ಕಡೆ ಈಗ ಇದೇ ಅಂತಲ್ಲ?’ ಕೇಳುವವರಿಗೆ ಬೇಕಾದದ್ದು ಅಂಕಿ ಅಲ್ಲ. ಹೈಸ್ಕೂಲಿನಲ್ಲಿರುವ ಮಗನೋ ಮಗಳೋ ತಲೆಯಲ್ಲಿರುತ್ತಾರೆ. ಆದರೂ ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ.

ಚೀನಾದ ಹೊರಗೆ ಎರಡೂವರೆಯಿಂದ ಮೂರು ಕೋಟಿ. ಇದು ಚೀನಾ ಸರ್ಕಾರವೇ ಹೇಳುವ ಲೆಕ್ಕ. 2020ರ ಹೊತ್ತಿಗೆ 2.5 ಕೋಟಿ ಎಂದಿತ್ತು, ಆಮೇಲೆ ಅದು 3 ಕೋಟಿಗೆ ಏರಿತು. ಅದೇ ಸರ್ಕಾರ ಇನ್ನೊಂದು ಅಂಕಿಯನ್ನೂ ಕೊಡುತ್ತದೆ: ಇಲ್ಲಿಯವರೆಗೆ ಚೀನೀ ಕಲಿತವರು, ಬಳಸಿದವರು ಎಲ್ಲ ಸೇರಿ ಹತ್ತಿರ ಹತ್ತಿರ 20 ಕೋಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ಈಗ ಕಲಿಯುತ್ತಿರುವವರು ಮೂರು ಕೋಟಿಯಾದರೆ ಮಿಕ್ಕ ಹದಿನೇಳು ಕೋಟಿ ಎಲ್ಲಿ ಹೋದರು? ಅವರಲ್ಲಿ ಕಲಿತು ಮುಗಿಸಿದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಬಹುಪಾಲು ಮಾತ್ರ ಪುಸ್ತಕ ಮಡಿಚಿ ಅಟ್ಟಕ್ಕೆ ಹಾಕಿದವರೇ ಇರಬೇಕು ಎಂಬುದು ನನ್ನ ಅನುಮಾನ. ನಾನು ಸೇರಿದ ತರಗತಿಯಲ್ಲಿ ಮೊದಲ ದಿನ ಮೂವತ್ತೊಂದು ಜನ ಇದ್ದೆವು. ಗಣೇಶನ ಹಬ್ಬದ ರಜೆ ಮುಗಿಸಿ ಬರುವಷ್ಟರಲ್ಲಿ ಹದಿನೆಂಟು. ಎರಡನೇ ವರ್ಷದ ಪರೀಕ್ಷೆಗೆ ಕೂತವರು ಆರು.

ಅವರನ್ನು ಓಡಿಸಿದ್ದು ಲಿಪಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲಿಪಿ ಕಷ್ಟವೇ, ಆದರೆ ಅದು ನಿಧಾನದ ಕಷ್ಟ, ದಿನಕ್ಕೆ ಹತ್ತು ಅಕ್ಷರ ತಿದ್ದಿದರೆ ಸವೆಯುತ್ತದೆ. ಮೊದಲ ವಾರವೇ ಹೊಡೆಯುವುದು ಸ್ವರದ ಏರಿಳಿತ. ‘ಮಾಯ್’ ಎಂಬುದನ್ನು ತಗ್ಗಿಸಿ ಹೇಳಿದರೆ ಕೊಳ್ಳುವುದು, ಮೇಲಿನಿಂದ ಕೆಳಕ್ಕೆ ಕಡಿದಂತೆ ಹೇಳಿದರೆ ಮಾರುವುದು. ವ್ಯಾಪಾರದ ಎರಡು ಮುಖ್ಯ ಮಾತುಗಳೇ ಹೀಗೆ ಅವಳಿ ಮಕ್ಕಳಾಗಿ ಹುಟ್ಟಿವೆ. ನಮಗೆ ಅನುಕೂಲವೂ ಒಂದಿದೆ. ಇಂಗ್ಲಿಷ್ ಅಕ್ಷರದಲ್ಲಿ ‘ಬ’ ಎಂದು ಬರೆಯುವ ಸದ್ದು ಅವರ ಬಾಯಲ್ಲಿ ನಿಜಕ್ಕೂ ನಮ್ಮ ‘ಪ’, ಅವರು ‘ಪ’ ಎಂದು ಬರೆಯುವುದು ನಮ್ಮ ಮಹಾಪ್ರಾಣದ ‘ಫ’. ಅಮೆರಿಕದವರು ವರ್ಷಗಟ್ಟಲೆ ಒದ್ದಾಡುವ ಈ ವ್ಯತ್ಯಾಸ ನಮ್ಮ ವರ್ಣಮಾಲೆಯಲ್ಲೇ ಕೂತಿದೆ. ಆಡುಮಾತಿನಲ್ಲಿ ಮಹಾಪ್ರಾಣವನ್ನು ನುಂಗಿ ನೀರು ಕುಡಿಯುವ ನಮ್ಮೂರಿನವರಿಗೆ ಅದೂ ಅಷ್ಟಕ್ಕಷ್ಟೆ, ಬಿಡಿ.

ಮತ್ತೆ ಲೆಕ್ಕಕ್ಕೆ ಬರೋಣ. ಎಷ್ಟು ಕಲಿತರೆ ‘ಕಲಿಯುವವನು’ ಎಂದು ಎಣಿಸಬೇಕು? ಥಾಯ್ಲೆಂಡಿನ ಶಾಲೆಯಲ್ಲಿ ವಾರಕ್ಕೆ ಒಂದೆರಡು ಪಿರಿಯಡ್ ಚೀನೀ ಹಾಡು ಹೇಳುವ ಮಗುವೂ ಒಂದು, ಬೀಜಿಂಗ್‌ನಲ್ಲಿ ಪಿಎಚ್‌ಡಿ ಮಾಡುವವಳೂ ಒಂದು. ಸೌದಿ ಅರೇಬಿಯಾ 2019ರಲ್ಲಿ ಚೀನೀಯನ್ನು ಪಠ್ಯಕ್ರಮಕ್ಕೆ ಸೇರಿಸುವುದಾಗಿ ಸಾರಿತು. ಇಂಥ ಒಂದು ಸರ್ಕಾರಿ ಆದೇಶ ಜಾರಿಗೆ ಬಂದರೆ ಸಾವಿರಾರು ಮಕ್ಕಳು ಒಂದೇ ವರ್ಷದಲ್ಲಿ ಲೆಕ್ಕಕ್ಕೆ ಸೇರುತ್ತಾರೆ. ಮಲೇಷ್ಯಾದಲ್ಲಿ ಚೀನೀ ಮಾಧ್ಯಮದ ಪ್ರಾಥಮಿಕ ಶಾಲೆಗಳೇ ಸುಮಾರು 1,300 ಇವೆ. ಮನೆಯಲ್ಲಿ ಹೊಕ್ಕಿಯೆನ್ ಎಂಬ ದಕ್ಷಿಣ ಚೀನಾದ ನುಡಿ ಆಡಿ, ಶಾಲೆಯಲ್ಲಿ ಮ್ಯಾಂಡರಿನ್, ಅಂದರೆ ಚೀನಾದ ಅಧಿಕೃತ ನುಡಿ, ಕಲಿಯುವ ಅಲ್ಲಿನ ಮಗು ಪರಭಾಷೆ ಕಲಿಯುತ್ತಿದೆಯೋ, ತನ್ನದನ್ನೇ ಕಲಿಯುತ್ತಿದೆಯೋ?

ಚೀನೀಗೆ ಎಚ್‌ಎಸ್‌ಕೆ ಎಂಬ ಪರೀಕ್ಷೆ ಇದೆ. 2010ರ ಹೊತ್ತಿಗೆ ಬಂದ ಅದರ ಆರು ಹಂತಗಳಲ್ಲಿ ಮೊದಲನೆಯದಕ್ಕೆ ಬೇಕಾದ್ದು 150 ಪದ, ಆರನೆಯದಕ್ಕೆ 5,000. ಆರು ದಾಟಿಯೂ ದಿನಪತ್ರಿಕೆ ಎದುರು ತಡವರಿಸಿದವನು ನಾನು. ಅಮೆರಿಕ ತನ್ನ ರಾಜತಾಂತ್ರಿಕರಿಗೆ ಚೀನೀ ಕಲಿಸಲು 2,200 ಗಂಟೆಗಳ ತರಗತಿ ಇಡುತ್ತದೆ, ಸ್ಪ್ಯಾನಿಷಿಗೆ ಅದರ ಮೂರನೇ ಒಂದು ಭಾಗದಷ್ಟು.

ಅಮೆರಿಕದ ಮಾತು ಬಂದಿದ್ದರಿಂದ ಹೇಳುತ್ತೇನೆ, ಅಲ್ಲಿನ ಅಂಕಿಗಳ ಮೇಲೆ ನನಗೆ ಹೆಚ್ಚು ನಂಬಿಕೆ, ಯಾಕೆಂದರೆ ಅವು ಇಳಿದಾಗಲೂ ಪ್ರಕಟವಾಗುತ್ತವೆ. 2013ರಲ್ಲಿ ಅಲ್ಲಿನ ಕಾಲೇಜುಗಳಲ್ಲಿ ಚೀನೀ ತೆಗೆದುಕೊಂಡವರು ಸುಮಾರು 61 ಸಾವಿರ. 2021ಕ್ಕೆ 46 ಸಾವಿರದ ಆಸುಪಾಸು. 2020ರೊಳಗೆ ಹತ್ತು ಲಕ್ಷ ಶಾಲಾಮಕ್ಕಳು ಚೀನೀ ಕಲಿಯುವಂತಾಗಬೇಕು ಎಂದು ಒಬಾಮ 2015ರಲ್ಲಿ ಗುರಿ ಇಟ್ಟಿದ್ದರು. ಗುರಿ ಇಟ್ಟ ಹೊತ್ತಿನ ಎಣಿಕೆಯಲ್ಲಿ ಅಂಥ ಮಕ್ಕಳು ಸುಮಾರು 2.27 ಲಕ್ಷ. ಚೀನೀ ಕಲಿಸಲೆಂದು ಚೀನಾ ಸರ್ಕಾರ ದುಡ್ಡು ಹಾಕಿ ನಡೆಸುತ್ತಿದ್ದ ಕನ್‌ಫ್ಯೂಷಿಯಸ್ ಸಂಸ್ಥೆಗಳು, 2004ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಶುರುವಾದವು, ಅಮೆರಿಕದಲ್ಲಿ ನೂರರ ಸಂಖ್ಯೆ ಮುಟ್ಟಿ ಈಗ ಬೆರಳೆಣಿಕೆಗೆ ಇಳಿದಿವೆ. ಆದರೆ 2016ರಿಂದ 2021ರ ನಡುವೆ ಅಮೆರಿಕದ ಅದೇ ಕಾಲೇಜುಗಳಲ್ಲಿ ಕೊರಿಯನ್ ಕಲಿಯುವವರು ಮೂರನೇ ಒಂದು ಭಾಗಕ್ಕಿಂತ ಹೆಚ್ಚಾಗಿ ಬೆಳೆದರು. ಅವರನ್ನು ಕರೆದು ತಂದದ್ದು ಆದೇಶ ಅಲ್ಲ, ಹಾಡು ಮತ್ತು ಧಾರಾವಾಹಿ. 2025ರ ಜನವರಿಯಲ್ಲಿ ಟಿಕ್‌ಟಾಕ್ ನಿಷೇಧದ ಭಯಕ್ಕೆ ಅಮೆರಿಕದ ಹುಡುಗರು ಶಿಯಾವ್‌ಹೊಂಗ್‌ಶು ಎಂಬ ಚೀನೀ ಆ್ಯಪ್‌ಗೆ ಗುಳೆ ಹೋದಾಗ, ಅಮೆರಿಕದಲ್ಲಿ ಹೊಸದಾಗಿ ಚೀನೀ ಕಲಿಯಲು ಸೇರಿದವರು ಹಿಂದಿನ ವರ್ಷಕ್ಕಿಂತ ಶೇ. 216ರಷ್ಟು ಹೆಚ್ಚು ಎಂದು ಭಾಷೆ ಕಲಿಸುವ ಆ್ಯಪ್ ಡ್ಯುಯೊಲಿಂಗೊ ಹೇಳಿಕೊಂಡಿತು. ಅವರಲ್ಲಿ ಎಷ್ಟು ಜನ ಫೆಬ್ರವರಿ ದಾಟಿದರೋ.

ನಾನು ಈ ಪ್ರಶ್ನೆಗೆ ಕೊಡುವ ನಿಜವಾದ ಉತ್ತರ ಬೇರೆ. ಚೀನೀ ಕಲಿಯುತ್ತಿರುವವರ ಅತಿ ದೊಡ್ಡ ಗುಂಪು ಇರುವುದು ಚೀನಾದ ಒಳಗೇ. ‘ಚೀನೀ’ ಎಂದು ನಾವು ಕರೆಯುವುದು ಪುಥೋಂಗ್‌ಹುವಾ, ಅಂದರೆ ಮ್ಯಾಂಡರಿನ್, ಬೀಜಿಂಗ್ ಕಡೆಯ ಉಚ್ಚಾರಣೆಯನ್ನು ಅಡಿಪಾಯ ಮಾಡಿಕೊಂಡು 1950ರ ದಶಕದಲ್ಲಿ ಸರ್ಕಾರ ಗೊತ್ತುಮಾಡಿದ ನುಡಿ. ಕ್ಯಾಂಟನೀಸ್ ಆಡುವವರಿಗೆ, ಶಾಂಘೈನ ಮುದುಕರಿಗೆ ಅದು ಮನೆಮಾತಲ್ಲ. ಟಿಬೆಟನ್, ಉಯ್ಗುರ್, ಮಂಗೋಲಿಯನ್ ಆಡುವವರಿಗಂತೂ ಬೇರೆಯೇ ಭಾಷೆ. 2000ದಲ್ಲಿ ಇದನ್ನು ಬಳಸಬಲ್ಲವರು ಶೇ. 53 ಮಾತ್ರ ಇದ್ದರು. 2020ರ ಸರ್ಕಾರಿ ಅಂಕಿ ಶೇ. 80.72. ಅಂದರೆ ಇನ್ನೂ 27 ಕೋಟಿ ಚೀನೀಯರು ಬಾಕಿ, ಹೊರಗಿನ ಕಲಿಕೆಗಾರರ ಒಂಬತ್ತರಷ್ಟು. ಎಲ್ಲರೂ ಇಷ್ಟಪಟ್ಟು ಕಲಿಯುತ್ತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಒಳ ಮಂಗೋಲಿಯಾದ ಶಾಲೆಗಳಲ್ಲಿ ಭಾಷೆ, ರಾಜಕೀಯ, ಇತಿಹಾಸದ ಪಾಠಗಳನ್ನು ಮಂಗೋಲಿಯನ್‌ನಿಂದ ಚೀನೀಗೆ ಹಂತಹಂತವಾಗಿ ಬದಲಿಸಲು ಹೊರಟಾಗ ತಾಯ್ತಂದೆಯರು ಮಕ್ಕಳನ್ನು ಶಾಲೆಗೆ ಕಳಿಸದೆ ಕೂತರು. ಗೋಕಾಕ್ ಚಳವಳಿಯ ಕಥೆ ಕೇಳಿ ಬೆಳೆದ ನನಗೆ ಅದನ್ನು ಅರ್ಥ ಮಾಡಿಸಲು ಬೇರೆ ದುಭಾಷಿ ಬೇಕಾಗಲಿಲ್ಲ.

ಇಷ್ಟು ಹೇಳುವ ಹೊತ್ತಿಗೆ ಪಂಕ್ತಿಗೆ ಮಜ್ಜಿಗೆ ಬಂದಿರುತ್ತದೆ, ಕೇಳಿದ ಮಾವನವರು ತಾಳ್ಮೆ ಕಳೆದುಕೊಂಡಿರುತ್ತಾರೆ. ‘ಅದೆಲ್ಲಾ ಇರಲಿ, ನಮ್ಮ ದೇಶದ್ದು ಹೇಳು.’

ನಮ್ಮಲ್ಲಿ ಇದು ಹೊಸದಲ್ಲ. ಶಾಂತಿನಿಕೇತನದಲ್ಲಿ ಠಾಕೂರರು ಚೀನಾ ಭವನ ತೆರೆದದ್ದು 1937ರಲ್ಲಿ. ಮುಂದೆ ಮಾತ್ರ ಭಾಷೆಯ ನಸೀಬು ಗಡಿಯ ಹವಾಮಾನ ನೋಡಿಕೊಂಡು ಬದಲಾಗುತ್ತ ಬಂದಿದೆ. ಹೊಸ ಶಿಕ್ಷಣ ನೀತಿಯ 2019ರ ಕರಡಿನಲ್ಲಿ ವಿದೇಶಿ ಭಾಷೆಗಳ ಸಾಲಿನಲ್ಲಿ ಚೀನೀ ಇತ್ತು. ಗಾಲ್ವಾನ್ ಆದ ಮೇಲೆ, 2020ರ ಜುಲೈಯಲ್ಲಿ ಬಂದ ಅಂತಿಮ ಪ್ರತಿಯಲ್ಲಿ ಇರಲಿಲ್ಲ. ಕೋವಿಡ್ ಬರುವ ಹೊತ್ತಿಗೆ ಚೀನಾದಲ್ಲಿ 23 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು, ಹೆಚ್ಚಿನವರು ಎಂಬಿಬಿಎಸ್‌ಗೆ ಹೋದವರು. ಪಾಠ ಇಂಗ್ಲಿಷಿನಲ್ಲಿ, ಆದರೆ ವಾರ್ಡಿನಲ್ಲಿ ಮಲಗಿದ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಹೊಟ್ಟೆ ಎಲ್ಲಿ ನೋಯುತ್ತದೆ ಎಂದು ಕೇಳಲಿಕ್ಕಾದರೂ ಅವರು ಕಲಿಯಲೇಬೇಕು.

ನನ್ನ ಹೊಟ್ಟೆಪಾಡಿನ ಮಾತೂ ಅದೇ ಹವಾಮಾನಕ್ಕೆ ಸೇರಿದ್ದು. ನಮ್ಮ ಮೆಟ್ರೊ ಹಳದಿ ಮಾರ್ಗದ ಮೊದಲ ರೈಲು 2024ರ ಫೆಬ್ರವರಿಯಲ್ಲಿ ಚೀನಾದಿಂದ ಹೆಬ್ಬಗೋಡಿಗೆ ಬಂತು. ಅದಕ್ಕೂ ಮೊದಲು ಚೀನೀ ಎಂಜಿನಿಯರುಗಳ ವೀಸಾ ತಡವಾದದ್ದು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿತ್ತು. ವೀಸಾ ನಿಂತರೆ ಯಂತ್ರ ನಿಲ್ಲುತ್ತದೆ, ಯಂತ್ರ ನಿಂತರೆ ನಾನು ಮನೆಯಲ್ಲಿ ಕೂರುತ್ತೇನೆ. 2020ರ ಬೇಸಿಗೆಯಿಂದ ಹದಿನಾಲ್ಕು ತಿಂಗಳು ಹಾಗೆ ಕೂತೆ, ಔಷಧಿ ಡಬ್ಬಿಗಳ ಮೇಲಿನ ಬರಹ ಅನುವಾದ ಮಾಡಿಕೊಂಡು. ಈಗ ಫೋನೇ ಅನುವಾದಿಸುತ್ತದೆ, ಆ ಕೆಲಸ ಹೋಯಿತು. ಕಾರ್ಖಾನೆಯ ಗದ್ದಲದಲ್ಲಿ ಸಿಚುವಾನ್‌ನ ಫಿಟ್ಟರ್ ಒಬ್ಬ ತನ್ನ ಊರಿನ ರಾಗದಲ್ಲಿ ಬೈಯುವಾಗ ಮಾತ್ರ ಫೋನು ಇನ್ನೂ ತೆಪ್ಪಗಿರುತ್ತದೆ, ಆಗ ನನ್ನನ್ನು ಕರೆಯುತ್ತಾರೆ.

ಎಲ್ಲ ಕೇಳಿದ ಮಾವನವರು ಕೈ ತೊಳೆಯಲು ಏಳುತ್ತ ಹೇಳಿದ್ದು ಇಷ್ಟು: ‘ಹಂಗಾದ್ರೆ ಮಗಳನ್ನ ಜರ್ಮನ್‌ಗೇ ಸೇರಿಸ್ತೀನಪ್ಪ.’ ಆ ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಅವಳು ಆಗಲೇ ಮೊಬೈಲಿನಲ್ಲಿ ಕೊರಿಯನ್ ಕಲಿಯುತ್ತಿದ್ದಳು.