ಕೆಂಪು ಕೊರಳಪಟ್ಟಿ

19 ಅಕ್ಟೋಬರ್ 2024, ಶನಿವಾರ
ವೆಸ್ಟರ್‌ವಿಲ್, ಒಹಾಯೊ

ನಮ್ಮ ಕಡೆ ಲಾಡ್ಜ್ ಅಂದರೆ ಬಸ್‌ಸ್ಟ್ಯಾಂಡ್ ಎದುರಿನ ರೂಮು. ಹಾಗಾಗಿ ಹಳೆ ಸಾಮಾನಿನ ಅಂಗಡಿಯಾಕೆ ‘ಇದು ಕುಡಿಯದವರ ಲಾಡ್ಜಿನದು’ ಎಂದಾಗ ನಗು ತಡೆಯಲಾಗಲಿಲ್ಲ. ಕೈಗೆ ಕೊಟ್ಟದ್ದು ಒಂದು ಕೊರಳಪಟ್ಟಿ. ಕೆಂಪು ವೆಲ್ವೆಟ್ಟು, ಅಂಚಿಗೆ ಕಪ್ಪಿಟ್ಟ ಜರಿ, ಎದೆಯ ಮೇಲೆ ಬರುವ ಕಡೆ ಐ.ಒ.ಜಿ.ಟಿ. ಎಂಬ ಅಕ್ಷರ. ಒಳಮೈಯಲ್ಲಿ ಕತ್ತು ತಾಗಿ ತಾಗಿ ಬಿದ್ದ ಬೆವರಿನ ಗೆರೆ. ನ್ಯೂಯಾರ್ಕ್ ರಾಜ್ಯದ ಯಾವುದೋ ಮನೆಯ ಅಟ್ಟದಿಂದ ಬಂದದ್ದಂತೆ.

ಐ.ಒ.ಜಿ.ಟಿ. ಅಂದರೆ ಗುಡ್ ಟೆಂಪ್ಲರ್ಸ್ ಎಂಬ ಕುಡಿಯದವರ ಸಂಘ, ಲಾಡ್ಜ್ ಅಂದರೆ ಅದರ ಶಾಖೆ. ಅದು ಹುಟ್ಟಿದ್ದೂ ಅದೇ ರಾಜ್ಯದಲ್ಲೇ, 1851ರಲ್ಲಿ. ಕುಡಿಯುವುದಿಲ್ಲ ಎಂದು ಆಣೆ ಮಾಡಿದವರಿಗಷ್ಟೇ ಪ್ರವೇಶ. ಬಾಗಿಲಲ್ಲಿ ಗುಟ್ಟಿನ ಮಾತು, ಒಳಗೆ ಪಟ್ಟಿ, ಪದವಿ, ಮೆರವಣಿಗೆ, ಎಲ್ಲವೂ ಫ್ರೀಮೇಸನ್ನರೆಂಬ ಗುಟ್ಟಿನ ಸಂಘದವರ ಹಾಗೆ. ಆದರೆ ಮೇಸನ್ನರು ಹೆಂಗಸರನ್ನು ಹೊರಗಿಟ್ಟರೆ ಇವರು ಸರಿಸಮನಾಗಿ ಸೇರಿಸಿಕೊಂಡರು. ಇದಕ್ಕೂ ಮೊದಲೇ, 1842ರಲ್ಲಿ, ನ್ಯೂಯಾರ್ಕ್ ನಗರದಲ್ಲಿ ಶುರುವಾದ ಸನ್ಸ್ ಆಫ್ ಟೆಂಪರೆನ್ಸ್ ಎಂಬ ಇಂಥದೇ ಸಂಘ ತನ್ನ ಸದಸ್ಯರಿಗೆ ಕಾಯಿಲೆ ಬಿದ್ದರೆ ವಾರವಾರ ದುಡ್ಡು, ಸತ್ತರೆ ಮಣ್ಣಿನ ಖರ್ಚು ಕೊಡುತ್ತಿತ್ತು. ವಿಮೆ ಇಲ್ಲದ ಕೂಲಿಯವನಿಗೆ ಇದೇನು ಸಣ್ಣ ಮಾತಲ್ಲ.

ವೆಸ್ಟರ್‌ವಿಲ್ ಹಿಡಿದ ದಾರಿ ಬೇರೆ. ಇಲ್ಲಿ 1859ರಲ್ಲೇ ಹೆಂಡ ಮಾರುವಂತಿಲ್ಲ ಎಂದು ಕಟ್ಟಳೆ. 1875ರಲ್ಲಿ ಹೆನ್ರಿ ಕಾರ್ಬಿನ್ ಅನ್ನುವವನು ಸಲೂನ್, ಅಂದರೆ ಹೆಂಡದಂಗಡಿ, ತೆರೆದ. ಊರು ಪ್ರಾರ್ಥನೆ ಮಾಡಿತು, ಮೆರವಣಿಗೆ ಹೋಯಿತು, ಕೊನೆಗೆ ಮದ್ದಿಟ್ಟು ಅಂಗಡಿ ಹಾರಿಸಿಬಿಟ್ಟರು. ಪುಣ್ಯಾತ್ಮ ಸುಮ್ಮನಾಗಲಿಲ್ಲ, 1879ರಲ್ಲಿ ಮತ್ತೆ ತೆರೆದ. ಮತ್ತೆ ಢಮಾರ್!

ಇಂಥ ಊರೇ ಬೇಕು ಎಂದು 1909ರಲ್ಲಿ ಪಾನನಿಷೇಧಕ್ಕೆ ಹೋರಾಡುತ್ತಿದ್ದ ಆಂಟಿ-ಸಲೂನ್ ಲೀಗ್ ಇಲ್ಲಿಗೆ ಬಂತು. ಅದರ ಅಚ್ಚುಕೂಟದಿಂದ ತಿಂಗಳಿಗೆ 40 ಟನ್ ಕರಪತ್ರ, ಪತ್ರಿಕೆ ಟಪಾಲಿಗೆ ಬೀಳುತ್ತಿತ್ತು. ಪಟ್ಟಿಯೂ ಇಲ್ಲ, ಗುಟ್ಟಿನ ಮಾತೂ ಇಲ್ಲ, ಬೇಕಿದ್ದದ್ದು ಓಟು. ಲೀಗಿನ ಮುಂದಾಳು ವೇನ್ ವೀಲರ್, ಚುನಾವಣೆಗೆ ನಿಂತವನು ಯಾವ ಪಕ್ಷದವನು ಎಂದು ಕೇಳುತ್ತಿರಲಿಲ್ಲ, ಪಾನನಿಷೇಧದ ಪರವೋ ಅಲ್ಲವೋ ಅಷ್ಟೇ. ಜನವರಿ 1920ರಿಂದ ಪಾನನಿಷೇಧದ ಕಾನೂನು ಬಂದು ದೇಶಕ್ಕೆ ದೇಶವೇ ಒಣಗಿತು. ಡಿಸೆಂಬರ್ 1933ಕ್ಕೆ ಆ ಕಾನೂನು ರದ್ದೂ ಆಯಿತು. ಲೀಗಿನ ಕಚೇರಿಯಿದ್ದ ಮನೆ ಇವತ್ತು ಊರಿನ ಲೈಬ್ರರಿಗೆ ಸೇರಿದೆ. ಬೆಳಗ್ಗೆ ಅಲ್ಲಿ ಪೋಸ್ಟರ್ ನೋಡುತ್ತಾ ನಿಂತಿದ್ದೆ. ಎಲ್ಲದರಲ್ಲೂ ಅಳುವ ಮಕ್ಕಳು, ಬರಿದಾದ ಮಡಿಕೆ.

ನನಗೆ ಮಾತ್ರ ನೆನಪಾದದ್ದು ನಮ್ಮ ಸೋದರಮಾವ. ಕುಡಿತ ಬಿಟ್ಟ ಮೇಲೆ ಸಂಜೆ ಆರಕ್ಕೆ ಜಗುಲಿಗೆ ಬಂದು ಕೂರುತ್ತಿದ್ದ, ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯದೆ. ಬಾಟಲಿ ಬಿಡುವುದಕ್ಕಿಂತ ಜೊತೆಗಾರರನ್ನು ಬಿಡುವುದು ಅವನಿಗೆ ಕಷ್ಟವಾಗಿತ್ತು. ಲಾಡ್ಜಿನವರಿಗೆ ಇದು ಗೊತ್ತಿತ್ತು. ನಲವತ್ತು ಟನ್ ಕಾಗದದಲ್ಲಿ ಇದು ಎಷ್ಟಿತ್ತೋ.

ಮಧ್ಯಾಹ್ನ ಪೇಟೆಬೀದಿಯಲ್ಲಿ ಪಿಜ್ಜಾ ತಿಂದೆ. ಈ ಬೀದಿಯಲ್ಲಿ ಮತ್ತೆ ಬಿಯರ್ ಸಿಗತೊಡಗಿದ್ದು 2006ರಲ್ಲಿ. ನಾನು ನಿಂಬೆಪಾನಕ ತರಿಸಿಕೊಂಡೆ. ಊರಿನ ಮರ್ಯಾದೆಗೆ ಅಲ್ಲ, ಕಾರು ಓಡಿಸಬೇಕಿತ್ತು. ಕೊರಳಪಟ್ಟಿಗೆ ಅಂಗಡಿಯಾಕೆ ಅರವತ್ತು ಡಾಲರ್ ಹೇಳಿದ್ದಳು. ಚೌಕಾಸಿ ಮಾಡಿ ನಲವತ್ತೈದಕ್ಕೆ ತಂದೆ. ಈಗ ಕುರ್ಚಿಯ ಬೆನ್ನಿಗೆ ನೇತುಹಾಕಿದ್ದೇನೆ, ನುಸಿಗುಳಿಗೆ ವಾಸನೆ ಇನ್ನೂ ಹೋಗಿಲ್ಲ.