ಕಾಡುಕೋಳಿ ಗರಿ, ಅಮ್ಮನ ಬಜೆ
ಸ್ಕಾಟ್ಲೆಂಡಿನ ಪರ್ತ್‌ನಲ್ಲಿ ಡಿಸೆಂಬರ್ ಅಂದ್ರೆ ಮಧ್ಯಾಹ್ನ ಮೂರೂವರೆಗೇ ದೀಪ ಹಾಕಬೇಕು. ಪಕ್ಕದಲ್ಲೇ ಟೇ ನದಿ ಹರಿಯುತ್ತದೆ, ಆದರೆ ಸಾಲ್ಮನ್ ಮೀನಿಗೆ ಗಾಳ ಹಾಕುವಂತಿಲ್ಲ. ಅಕ್ಟೋಬರ್ 15ಕ್ಕೆ ಸಾಲ್ಮನ್ ಸೀಸನ್ ಮುಗಿದರೆ ಮತ್ತೆ ಶುರುವಾಗುವುದು ಜನವರಿ 15ಕ್ಕೆ. ಅಲ್ಲಿಯವರೆಗೆ ಇಲ್ಲಿನ ಗಾಳಗಾರರು ಮನೆಯಲ್ಲಿ ಕೂತು ಫ್ಲೈ, ಅಂದ್ರೆ ಹುಳದ ಹಾಗೆ ಕಾಣುವ ಗರಿಯ ಗಾಳ, ಕಟ್ಟುತ್ತಾರೆ. ನಾನೂ ಕಲಿತೆ.

ಶ್ರೀರಂಗಪಟ್ಟಣದಲ್ಲಿ ನಾವು ಎರೆಹುಳು, ಇಲ್ಲವೇ ರಾಗಿ ಹಿಟ್ಟಿನ ಉಂಡೆ ಸಿಕ್ಕಿಸಿ ಕಾವೇರಿಗೆ ಗಾಳ ಬಿಡುತ್ತಿದ್ದೆವಲ್ಲ, ಇಲ್ಲಿ ಉಂಡೆಯ ಬದಲು ಗರಿ. ಕೊಕ್ಕೆಗೆ ರೇಷ್ಮೆ ದಾರದಿಂದ ಬಣ್ಣಬಣ್ಣದ ಗರಿ ಬಿಗಿಯುವುದು. ತಮಾಷೆ ಅಂದ್ರೆ, ಸಮುದ್ರದಿಂದ ಹೊಳೆಗೆ ಬಂದ ಸಾಲ್ಮನ್ ಊಟವನ್ನೇ ಬಿಟ್ಟಿರುತ್ತದೆ. ಆದರೂ ಗರಿ ಕಂಡರೆ ಕಚ್ಚುತ್ತದೆ. ಸಿಟ್ಟಿಗೋ, ಹಳೇ ಅಭ್ಯಾಸಕ್ಕೋ.

ಜಾಕ್ ಸ್ಕಾಟ್ ಅಂತ ಒಂದು ಹಳೇ ಫ್ಲೈ ಇದೆ. ಅದರ ಎರಡೂ ಪಕ್ಕಕ್ಕೆ ಬೇಕಾಗುವುದು ನಮ್ಮ ಬಂಡೀಪುರ, ನಾಗರಹೊಳೆ ಕಡೆಯ ಕಾಡುಕೋಳಿ ಹುಂಜದ ಕತ್ತಿನ ಗರಿ. ಕಪ್ಪು ಗರಿ ಮೇಲೆ ಮೇಣ ತೊಟ್ಟಿಕ್ಕಿದಂತೆ ಹಳದಿ, ಬಿಳಿ ಚುಕ್ಕೆ. ನಮ್ಮ ದೇಶದಿಂದ ಅದನ್ನು ಹೊರಗೆ ಸಾಗಿಸುವಂತಿಲ್ಲ. ಇಲ್ಲಿ ಫಾರಂನಲ್ಲಿ ಸಾಕಿದ ಕೋಳಿಯದ್ದನ್ನು ಮಾರುತ್ತಾರೆ. ಊರಲ್ಲಿದ್ದಾಗ ಕಾಡುಕೋಳಿ ಕೂಗಿದರೆ ತಿರುಗಿಯೂ ನೋಡದವನು ಇಲ್ಲಿ ಎರಡು ಗರಿಗೆ ಪೌಂಡ್ ಎಣಿಸಿದೆ.

ಒಂದು ಜಾಕ್ ಸ್ಕಾಟ್‌ಗೆ ನನಗೆ ನಾಲ್ಕು ಸಂಜೆ ಬೇಕು. ಅದನ್ನು ನೀರಿಗೆ ಎಸೆಯಲು ಮನಸ್ಸು ಬರುತ್ತಾ? ಹಾಗಾಗಿ ಗಾಜಿನ ಪೆಟ್ಟಿಗೆ ಮಾಡಲು ಹೊರಟೆ.

ಮೊದಲನೆಯದು ಓಕ್ ಮರದ್ದು. ಗಾಜಿನ ಸುತ್ತ ಸಿಲಿಕೋನ್ ಎಳೆದು ಗಾಳಿಯಾಡದ ಹಾಗೆ ಮುಚ್ಚಿದೆ. ಆರು ತಿಂಗಳು ಬಿಟ್ಟು ತೆಗೆದರೆ ಗುಪ್ ಅಂತ ವಿನೆಗರ್ ವಾಸನೆ. ಕೊಕ್ಕೆಗಳ ಕಪ್ಪು ಬಣ್ಣ ಎದ್ದ ಕಡೆಯಲ್ಲೆಲ್ಲ ತುಕ್ಕು. ಓಕ್ ಮರವೇ ಹುಳಿ ಆವಿ ಬಿಡುತ್ತದೆ. ನಾನು ತಂದ ಬಗೆಯ ಸಿಲಿಕೋನ್ ಒಣಗುವಾಗ ಬಿಡುವುದೂ ಅದೇ ಅಸಿಟಿಕ್ ಆಮ್ಲ. ಉಪ್ಪಿನಕಾಯಿ ಜಾಡಿಯಲ್ಲಿ ಕಬ್ಬಿಣ ಇಟ್ಟ ಹಾಗೆ ಆಗಿತ್ತು.

ಎರಡನೆಯದಕ್ಕೆ ಓಕೂ ಇಲ್ಲ, ಸಿಲಿಕೋನೂ ಇಲ್ಲ. ನಾಲ್ಕು ಸೆಂಟಿಮೀಟರ್ ಆಳ ಇಟ್ಟೆ. ಗರಿ ಗಾಜಿಗೆ ತಾಗಿದರೆ ಮಲಗಿದ ಪೈರಿನ ಹಾಗಾಗುತ್ತದೆ. ಹಿಂದಿನ ರಟ್ಟಿಗೆ ಅಪ್ಪನ ಹಳೇ ಪಂಚೆಯ ತುಂಡು ಸುತ್ತಿದೆ. ಕೊಕ್ಕೆಯ ಬಾಗಿಗೆ ತೆಳು ತಂತಿ ಎರಡು ಸುತ್ತು ಹಾಕಿ, ರಟ್ಟಿನ ಹಿಂದಕ್ಕೆ ತೂರಿಸಿ ತಿರುಚಿದೆ. ಅಂಟು ಮಾತ್ರ ಬೇಡವೇ ಬೇಡ, ಮುಂದೆ ಬಿಡಿಸುವಾಗ ಗರಿಯೂ ಕಿತ್ತು ಬರುತ್ತದೆ. ಪೆಟ್ಟಿಗೆಯನ್ನು ಬಿಸಿಲು ಬೀಳದ ಗೋಡೆಗೆ ಹಾಕಿದೆ. ಇಲ್ಲದಿದ್ದರೆ ಬಣ್ಣ ನಿಲ್ಲುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಫ್ಲೈ ಕೆಳಗೆ ರವೆ ಚೆಲ್ಲಿದಂತೆ ಪುಡಿ. ಹುಳ! ಒಂದು ರೆಕ್ಕೆಯಲ್ಲಿ ಬರೀ ಕಡ್ಡಿ ಉಳಿದಿತ್ತು. ವಿಡಿಯೋ ಕಾಲಲ್ಲಿ ಅಮ್ಮನಿಗೆ ತೋರಿಸಿದೆ.

"ದಸರಾ ಗೊಂಬೆ ಪೆಟ್ಟಿಗೆಗೆ ನಾನೇನ್ ಹಾಕ್ತೀನಿ, ಇಷ್ಟ್ ವರ್ಷ ನೋಡಿಲ್ವಾ?"

ಬಜೆ. ಮುಂದಿನ ತಿಂಗಳು ಊರಿಂದ ಬಂದವರ ಕೈಯಲ್ಲಿ ಒಂದು ಪೊಟ್ಟಣ ಬಂತು. ಈಗ ಪ್ರತಿ ಪೆಟ್ಟಿಗೆಯ ಮೂಲೆಯಲ್ಲೂ ಒಂದು ತುಂಡು ಇದೆ. ಹೊಸ ಗರಿ ತಂದರೆ ಕವರಿನಲ್ಲಿ ಮುಚ್ಚಿ ಎರಡು ವಾರ ಫ್ರೀಜರಿನಲ್ಲೂ ಇಡುತ್ತೇನೆ. ಜಾಸ್ತಿ ಕೆಲಸ ಮಾಡುವುದು ಫ್ರೀಜರೇ ಅಂತ ನನ್ನ ಅನುಮಾನ. ಅಮ್ಮನಿಗೆ ಹೇಳಿಲ್ಲ.

ದಸರೆಗೆ ಊರಿಗೆ ಬಂದಾಗ ಒಂದು ಪುಟ್ಟ ಪೆಟ್ಟಿಗೆ ತಂದಿದ್ದೆ. ಕಾಡುಕೋಳಿ ಗರಿ ಇಲ್ಲದ್ದು, ಸುಮ್ನೆ ತೊಂದರೆ ಯಾಕೆ. ಅಮ್ಮ ಅದನ್ನು ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲೇ ಇಟ್ಟರು. ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯವರು ಬಗ್ಗಿ ನೋಡಿದರು.

"ಎಷ್ಟ್ ಚೆನ್ನಾಗಿವೆ ಹುಳಗಳು! ಎಲ್ಲಿ ಹಿಡಿದಿದ್ದು?"

"ಹಿಡಿದಿದ್ದಲ್ಲ, ಇವನೇ ಕಟ್ಟಿದ್ದು. ಕೋಳಿ ಪುಕ್ಕ."

"ಗೊಂಬೆ ಮೆಟ್ಟಿಲ ಮೇಲೆ ಕೋಳಿ ಪುಕ್ಕಾನಾ?"

ಬೆಳಿಗ್ಗೆ ಎದ್ದು ನೋಡಿದರೆ ಪೆಟ್ಟಿಗೆ ಹಾಲಿನ ಶೋಕೇಸಿನೊಳಗಿತ್ತು. ಪಕ್ಕದಲ್ಲಿ ಇನ್ನೊಂದು ತುಂಡು ಬಜೆ.