ಮೌನಾ ಕೆಯಾ ಮೇಲೆ ಮೂರು ರಾತ್ರಿ

ಹವಾಯಿಯ ಮೌನಾ ಕೆಯಾ ಶಿಖರದ ಎತ್ತರ 4,205 ಮೀಟರ್. ಸಮುದ್ರಮಟ್ಟಕ್ಕಿಂತ ಅಲ್ಲಿ ಆಕ್ಸಿಜನ್ ಸುಮಾರು ಶೇ. 40ರಷ್ಟು ಕಡಿಮೆ. ತಲೆ ನೋಯುತ್ತದೆ, ಉಸಿರು ಸಾಲದು ಅಂತ ಗೊತ್ತಿತ್ತು. ಬುದ್ಧಿಯೂ ನಿಧಾನವಾಗುತ್ತದೆ ಎನ್ನುವುದು ಮಾತ್ರ ಅಲ್ಲಿನ ಟೆಲಿಸ್ಕೋಪಿನಲ್ಲಿ ಆಕಾಶ ನೋಡಲು ಹೋಗಿ ಕಂಟ್ರೋಲ್ ರೂಮಿನಲ್ಲಿ ಕೂತ ಮೇಲೆಯೇ ತಿಳಿದದ್ದು.

ಮೊದಲ ರಾತ್ರಿ ಒಂದು ಗ್ಯಾಲಕ್ಸಿಯ ಡಿಕ್ಲಿನೇಶನ್ (ಆಕಾಶದಲ್ಲಿ ಅದು ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕಿದೆ ಎನ್ನುವ ಅಂಕೆ; ದಕ್ಷಿಣಕ್ಕಿದ್ದರೆ ಮೈನಸ್) ಓದಿ ಹೇಳುವಾಗ ಮೈನಸ್ ಬಿಟ್ಟುಬಿಟ್ಟೆ. ಟೆಲಿಸ್ಕೋಪ್ ದಕ್ಷಿಣದ ಬದಲು ಉತ್ತರಕ್ಕೆ ಹೋಗಿ ನಿಂತಿತು. ಪರದೆಯಲ್ಲಿ ಕಂಡ ನಕ್ಷತ್ರಗಳು ನನ್ನ ಚಾರ್ಟಿಗೆ, ಅಂದರೆ ನಕ್ಷತ್ರಗಳ ನಕ್ಷೆಗೆ, ಹೊಂದಲೇ ಇಲ್ಲ. ಚಾರ್ಟನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಇಪ್ಪತ್ತು ನಿಮಿಷ ಕಳೆದೆ. ಕೆಳಗಿದ್ದಿದ್ದರೆ ಒಂದೇ ನೋಟಕ್ಕೆ ಸಿಗುವ ತಪ್ಪು ಅದು.

ಹಾಗಾಗಿ ನೀವೂ ಅಲ್ಲಿಗೆ ವೀಕ್ಷಣೆಗೆ ಹೋಗುವುದಿದ್ದರೆ ಯೋಚನೆ ಮಾಡುವ ಕೆಲಸವೆಲ್ಲ ಕೆಳಗೇ ಮುಗಿಸಿ. ಗುರಿಗಳ ನಿರ್ದೇಶಾಂಕಗಳನ್ನು ಬಾಯಲ್ಲಿ ಹೇಳಬೇಡಿ, ಫೈಲ್ ಮಾಡಿ ಟೆಲಿಸ್ಕೋಪ್ ನಡೆಸುವ ಆಪರೇಟರ್‌ಗೆ ಕೊಡಿ. ಯಾವ ಗಂಟೆಗೆ ಯಾವುದು, ಎಕ್ಸ್‌ಪೋಶರ್ (ಕ್ಯಾಮೆರಾ ಬೆಳಕು ಹಿಡಿಯುವ ಸಮಯ) ಎಷ್ಟು, ಚಾರ್ಟಿನಲ್ಲಿ ಉತ್ತರ ಯಾವ ಕಡೆ, ಎಲ್ಲ ಬರೆದಿರಲಿ. ತೆಳುಮೋಡ ಬಂದರೆ ನೋಡಲು ಹೆಚ್ಚು ಪ್ರಕಾಶವಿರುವ ಗುರಿಗಳ ಇನ್ನೊಂದು ಪಟ್ಟಿ ಬೇಕೇ ಬೇಕು. ಲಾಗ್ (ರಾತ್ರಿಯ ಕೆಲಸದ ದಾಖಲೆ) ಯುಟಿ ಸಮಯದಲ್ಲೇ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಯೂನಿವರ್ಸಲ್ ಟೈಮಿನಲ್ಲೇ ಇಡಿ. ಹವಾಯಿ ಯುಟಿಗಿಂತ 10 ಗಂಟೆ ಹಿಂದಿರುವುದರಿಂದ ಇಡೀ ರಾತ್ರಿ ಒಂದೇ ತಾರೀಖಿಗೆ ಸೇರುತ್ತದೆ. ಬೆಳಗಿನ ಜಾವ ಇದು ಎಷ್ಟು ನೆಮ್ಮದಿ ಗೊತ್ತಾ!

ಬೆಟ್ಟದ ಅರ್ಧದಾರಿಯ ಹಲೆ ಪೋಹಾಕುವಿನ ತಂಗುದಾಣ ಸುಮಾರು 2,800 ಮೀಟರ್ ಎತ್ತರದಲ್ಲಿದೆ. ವೀಕ್ಷಣೆಯ ಹಿಂದಿನ ರಾತ್ರಿಯೇ ಅಲ್ಲಿಗೆ ಹೋಗಿ ಮಲಗಿ, ದೇಹ ಹೊಂದಿಕೊಳ್ಳಲಿ. ಸಮುದ್ರದಲ್ಲಿ ಸ್ಕೂಬಾ ಡೈವಿಂಗ್ ಮಾಡಿದ್ದರೆ 24 ಗಂಟೆ ಬೆಟ್ಟ ಹತ್ತಲೇಬಾರದು. ಅಲ್ಲಿಂದ ಮೇಲಿನ ದಾರಿಗೆ ಫೋರ್ ವೀಲ್ ಡ್ರೈವ್ ಗಾಡಿ ಬೇಕು. ಇಳಿಯುವಾಗ ಲೋ ಗೇರ್‌ನಲ್ಲೇ ಬನ್ನಿ, ಬರೀ ಬ್ರೇಕ್ ನಂಬಿದರೆ ಅದು ಕಾದುಹೋಗುತ್ತದೆ.

ಬೆಟ್ಟದ ಕೆಳಗಿನ ಹಿಲೋ ಊರಲ್ಲಿ ಮಳೆ ಸುರಿಯುತ್ತಿದ್ದರೆ ಬೇಜಾರಾಗಬೇಡಿ. ಮೇಲಿರುವ ಬೆಚ್ಚಗಿನ ಗಾಳಿಯ ಪದರವೊಂದು ಮೋಡಗಳನ್ನು ಹೆಚ್ಚಿನ ದಿನ ಶಿಖರದ ಕೆಳಗೇ ತಡೆದಿರುತ್ತದೆ. ನಾವು ಮೋಡದೊಳಗೇ ಹತ್ತಿ, ಅದರಾಚೆ ಸೂರ್ಯನನ್ನು ಕಂಡೆವು. ಆದರೂ ಮೂರನೇ ರಾತ್ರಿ ಮಂಜು ಮೇಲಕ್ಕೇ ಬಂತು. ಟೆಲಿಸ್ಕೋಪಿನ ಕನ್ನಡಿಯ ಮೇಲೆ ತೇವ ಕೂರಬಾರದಲ್ವಾ, ಡೋಮ್ ಮುಚ್ಚಿದರು. ಇಂಥ ಹೊತ್ತಲ್ಲಿ ಆಪರೇಟರ್ ಮಾತೇ ಕೊನೆ, ವಾದ ಬೇಡ. ಮೂರು ಗಂಟೆಗೆ ತೆರೆದಾಗ ಎರಡನೇ ಪಟ್ಟಿ ಕೈಯಲ್ಲೇ ಇತ್ತು. ಎರಡು ಗುರಿ ಮುಗಿಸಿದೆವು.

ಉದ್ದದ ಎಕ್ಸ್‌ಪೋಶರ್ ಶುರುವಾದಾಗ ಜಾಕೆಟ್ ಹಾಕಿಕೊಂಡು ಐದು ನಿಮಿಷ ಹೊರಗೆ ಬನ್ನಿ. ಟಾರ್ಚ್ ಆರಿಸಿ. ಧ್ರುವ ನಕ್ಷತ್ರ ದಿಗಂತದಿಂದ ಬರೀ 20 ಡಿಗ್ರಿ ಮೇಲಿರುತ್ತದೆ. ಮೊದಲು ಅದನ್ನು ಹುಡುಕಿ, ಆಮೇಲೆ ದಕ್ಷಿಣಕ್ಕೆ ತಿರುಗಿ.